ದಾಸ್ತಾನ್‌ನಿಂದ ದೂರದರ್ಶನಕ್ಕೆ: ‘ಚಂದ್ರಕಾಂತಾ’ ಕಥನದ ಮೂರು ನೆಲೆಗಳು

ಮೌಖಿಕ ಕಥನವೊಂದು ಮುದ್ರಣಕ್ಕೆ ದಾಟುವಾಗ, ಮುದ್ರಿತ ಕೃತಿ ದೃಶ್ಯಮಾಧ್ಯಮಕ್ಕೆ ಸಾಗುವಾಗ ಬದಲಾಗುವುದು ಕಥಾವಸ್ತು ಮಾತ್ರವಲ್ಲ. ಅದರ ಹಿಂದಿನ ಲೋಕದೃಷ್ಟಿಯೂ ಬದಲಾಗುತ್ತದೆ. ಹಿಂದಿಯ ‘ಚಂದ್ರಕಾಂತಾ’ ಧಾರಾವಾಹಿ ಇದಕ್ಕೊಂದು ನಿದರ್ಶನ. ದೇವಕೀನಂದನ ಖತ್ರಿಯವರ 1888ರ ಕಾದಂಬರಿಯನ್ನು ಆಧರಿಸಿ ನೀರ್ಜಾ ಗುಲೇರಿಯವರು ರೂಪಿಸಿದ ಈ ಧಾರಾವಾಹಿ 1994ರಿಂದ 1996ರವರೆಗೆ ದೂರದರ್ಶನದ ರಾಷ್ಟ್ರೀಯ ಪ್ರಸಾರದಲ್ಲಿ ಭಾನುವಾರ ಬೆಳಗಿನ ಹೊತ್ತು ಮೂಡಿಬಂದಿತು. ಕರ್ನಾಟಕದಲ್ಲಿ ಹಿಂದಿ ಅಷ್ಟಾಗಿ ತಿಳಿಯದವರೂ ಅದರ ಪ್ರೇಕ್ಷಕರಾಗಿದ್ದರು. ಧಾರಾವಾಹಿಯು ಮೂಲಕ್ಕೆ ನಿಷ್ಠವಾಗಿಲ್ಲವೆಂಬುದು ಅದರ ಮೇಲೆ ಸಾಮಾನ್ಯವಾಗಿ ಹೊರಿಸಲಾಗುವ ಆಕ್ಷೇಪ. ಆದರೆ ಈ ಕಥನದ ‘ಮೂಲ’ ಯಾವುದು ಎಂಬ ಪ್ರಶ್ನೆಯನ್ನು ಜಾನಪದ ಅಧ್ಯಯನ ಮೊದಲು ಎತ್ತಬೇಕಾಗುತ್ತದೆ.

ದಾಸ್ತಾನ್: ಕಥನದ ತಾಯಿಬೇರು

ಕಾದಂಬರಿಗೆ ಬಹು ಮುಂಚೆಯೇ ಉತ್ತರ ಭಾರತದಲ್ಲಿ ದಾಸ್ತಾನ್ ಎಂಬ ಮೌಖಿಕ ಕಥನ ಪರಂಪರೆ ಬೇರೂರಿತ್ತು. ಪರ್ಷಿಯನ್ ಭಾಷೆಯಿಂದ ಬಂದ ಅಮೀರ್ ಹಂಜಾನ ಕಥೆ ಇದರಲ್ಲಿ ಪ್ರಮುಖವಾದುದು. ಹದಿನಾರನೆಯ ಶತಮಾನದಲ್ಲಿ ಅಕ್ಬರನು ಈ ಕಥೆಗೆ ಸುಮಾರು 1,400 ಚಿತ್ರಗಳನ್ನು ಬರೆಯಿಸಿದ್ದನು. ಮುಂದೆ ಅದು ಉರ್ದುವಿನಲ್ಲಿ ಅಪಾರವಾಗಿ ಬೆಳೆಯಿತು. ಲಖನೌದ ನವಲ್ ಕಿಶೋರ್ ಮುದ್ರಣಾಲಯವು ‘ತಿಲಿಸ್ಮ್-ಎ-ಹೋಶ್‌ರುಬಾ’ವನ್ನು ಒಳಗೊಂಡಂತೆ ಇದನ್ನು 1883ರಿಂದ ಆರಂಭಿಸಿ 46 ಸಂಪುಟಗಳಲ್ಲಿ ಹೊರತಂದಿತು.

ಯುದ್ಧ, ವಿಲಾಸಗೋಷ್ಠಿ, ತಿಲಿಸ್ಮ್ ಮತ್ತು ಐಯಾರಿ ಎಂಬ ನಾಲ್ಕು ಅಂಗಗಳನ್ನು ದಾಸ್ತಾನಿನಲ್ಲಿ ಗುರುತಿಸಲಾಗುತ್ತದೆ. ತಿಲಿಸ್ಮ್ ಎಂದರೆ ಮಾಂತ್ರಿಕರು ನಿರ್ಮಿಸಿದ ಮಾಯಾಲೋಕ. ಅದಕ್ಕೆಂದೇ ನಿಯತನಾದ ವೀರನೊಬ್ಬನು ಅದನ್ನು ಭೇದಿಸಬೇಕು. ಐಯಾರನು ವೇಷ ಬದಲಿಸಿ, ಮದ್ದಿನ ಪುಡಿಯಿಂದ ಶತ್ರುವನ್ನು ಮೂರ್ಛೆಗೊಳಿಸಿ, ಹಗ್ಗ ಬೀಸಿ ಕೋಟೆ ಏರುವ ಚತುರ. ಹಂಜಾನ ಸಂಗಾತಿಯಾದ ಅಮರ್ ಐಯಾರನು ಈ ವರ್ಗದ ಆದಿಪುರುಷ. ಮಂತ್ರಬಲವನ್ನು ಮನುಷ್ಯನ ಯುಕ್ತಿ ಗೆಲ್ಲುವ ಆಶಯ ಜಾನಪದ ಕಥೆಗಳಿಗೆ ಹೊಸದೇನಲ್ಲ. ದಾಸ್ತಾನ್ ಅದಕ್ಕೆ ಐಯಾರನೆಂಬ ವೃತ್ತಿವಂತನನ್ನು ಕೊಟ್ಟಿತು.

ಕಾದಂಬರಿ: ಮಾಯೆಯ ಜಾಗದಲ್ಲಿ ಯಂತ್ರ

1861ರಲ್ಲಿ ಬಿಹಾರದ ಪೂಸಾದಲ್ಲಿ ಜನಿಸಿದ ಖತ್ರಿಯವರು ಕಾಶಿಯಲ್ಲಿ ನೆಲೆಸಿ, ಚಕಿಯಾ ಹಾಗೂ ನೌಗಢದ ಕಾಡುಗಳಲ್ಲಿ ಗುತ್ತಿಗೆ ನಡೆಸಿದವರು. ಅಲ್ಲಿನ ಕಣಿವೆಗಳು, ಗುಹೆಗಳು, ಪಾಳುಕೋಟೆಗಳು ಅವರ ಕಥೆಗೆ ನೆಲೆಯಾದವು. ನೌಗಢದ ರಾಜಕುಮಾರ ವೀರೇಂದ್ರಸಿಂಹ ಹಾಗೂ ವಿಜಯಗಢದ ರಾಜಕುಮಾರಿ ಚಂದ್ರಕಾಂತೆಯ ಪ್ರೇಮ, ಮಂತ್ರಿಪುತ್ರ ಕ್ರೂರಸಿಂಹನ ಕುತಂತ್ರ, ಚುನಾರದ ರಾಜ ಶಿವದತ್ತನ ವೈರ, ತೇಜಸಿಂಹ ಮತ್ತು ಚಪಲಾ ಮೊದಲಾದವರ ಐಯಾರಿ—ಇವು ಕಥೆಯ ಹಂದರ.

ಇಲ್ಲಿ ಗಮನಾರ್ಹವಾದ ಮಾರ್ಪಾಡೊಂದು ನಡೆಯಿತು. ಖತ್ರಿಯವರು ತಿಲಿಸ್ಮನ್ನು ಉಳಿಸಿಕೊಂಡು, ಅದರೊಳಗಿನ ಮಂತ್ರವನ್ನು ಹೊರಗಿಟ್ಟರು. ಮನುಷ್ಯರನ್ನು ನುಂಗುವ ಕಲ್ಲಿನ ಕೊಕ್ಕರೆಯ ಮರ್ಮ ಕೊನೆಗೆ ಯಂತ್ರರಚನೆಯಾಗಿ ಬಿಡಿಸಲ್ಪಡುತ್ತದೆ. ಸಿದ್ಧಪುರುಷನೆಂದು ಎಲ್ಲರೂ ನಂಬಿದ ಯೋಗಿಯು ವೇಷ ಮರೆಸಿಕೊಂಡ ಜೀತಸಿಂಹನೆಂದೂ, ನಿಗೂಢ ವನಕನ್ಯೆಯು ಸ್ವತಃ ಚಂದ್ರಕಾಂತೆಯೆಂದೂ ತಿಳಿದುಬರುತ್ತದೆ. ಪವಾಡವೆಂದು ಕಂಡದ್ದೆಲ್ಲ ಮನುಷ್ಯನ ಕುಶಲತೆಯೆಂದು ಸ್ಥಾಪಿಸುವುದೇ ಕಾದಂಬರಿಯ ಒಳದನಿ. ಐಯಾರರ ಚಾತುರ್ಯದಿಂದ ರಕ್ತಪಾತವಿಲ್ಲದೆಯೇ ಕಲಹಗಳು ತೀರುತ್ತಿದ್ದವೆಂದು ಖತ್ರಿಯವರು ಮುನ್ನುಡಿಯಲ್ಲಿ ಹೇಳಿಕೊಂಡಿರುವುದೂ ಇದಕ್ಕೆ ಪೂರಕವಾಗಿದೆ.

ನಾಗರಿ ಲಿಪಿಗೆ ಮನ್ನಣೆ ಕೋರುವ ಚಳವಳಿ ಬಲಗೊಳ್ಳುತ್ತಿದ್ದ ಕಾಲವದು. ಕಾಶಿಯಲ್ಲಿ ನಾಗರೀ ಪ್ರಚಾರಿಣೀ ಸಭೆ 1893ರಲ್ಲಿ ಸ್ಥಾಪನೆಯಾಯಿತು. ‘ಚಂದ್ರಕಾಂತಾ’ವನ್ನು ಓದಲೆಂದೇ ಅನೇಕರು ಹಿಂದಿ ಕಲಿತರೆಂಬ ಪ್ರತೀತಿಯಿದೆ. ರಾಮಚಂದ್ರ ಶುಕ್ಲರು ತಮ್ಮ ಸಾಹಿತ್ಯ ಚರಿತ್ರೆಯಲ್ಲಿ ಈ ಓದುಗ ಸಮೂಹವನ್ನು ಸೃಷ್ಟಿಸಿದ ಹಿರಿಮೆಯನ್ನು ಖತ್ರಿಯವರಿಗೆ ಸಲ್ಲಿಸಿದರೂ, ಘಟನಾಪ್ರಧಾನವಾದ ಆ ಕೃತಿಗಳನ್ನು ಶುದ್ಧ ಸಾಹಿತ್ಯವೆಂದು ಒಪ್ಪಲಿಲ್ಲ. ಘಟನೆಯೇ ಜೀವಾಳವಾದ ಮೌಖಿಕ ಕಥನದ ಗುಣ ಶಿಷ್ಟ ವಿಮರ್ಶೆಯ ಕಣ್ಣಿಗೆ ದೋಷವಾಗಿ ಕಂಡಿತು. ಉರ್ದು ದಾಸ್ತಾನಿನ ಋಣವಂತೂ ಓದುಗರ ನೆನಪಿನಿಂದ ಕ್ರಮೇಣ ಮರೆಯಾಯಿತು.

ಧಾರಾವಾಹಿ: ಮಾಯೆಯ ಮರಳುವಿಕೆ

‘ರಾಮಾಯಣ’, ‘ಮಹಾಭಾರತ’ಗಳ ಯಶಸ್ಸಿನ ನಂತರ ಅದ್ಭುತರಸದ ಧಾರಾವಾಹಿಗಳಿಗೆ ದೂರದರ್ಶನದಲ್ಲಿ ದಾರಿ ತೆರೆದಿತ್ತು, 1993ರಲ್ಲಿ ‘ಅಲಿಫ್ ಲೈಲಾ’ ಆರಂಭವಾಗಿತ್ತು. ಈ ಹಿನ್ನೆಲೆಯಲ್ಲಿ ಬಂದ ‘ಚಂದ್ರಕಾಂತಾ’ ಧಾರಾವಾಹಿಯು ಖತ್ರಿಯವರು ಹೊರಗಿಟ್ಟ ಮಂತ್ರ-ಮಾಯೆಗಳನ್ನು ಮತ್ತೆ ಒಳಗೆ ಕರೆದುಕೊಂಡಿತು. ಅಖಿಲೇಂದ್ರ ಮಿಶ್ರ ಅಭಿನಯಿಸಿದ ಕ್ರೂರಸಿಂಹನು ದಟ್ಟ ಹುಬ್ಬು ಮತ್ತು ‘ಯಕ್ಕೂ’ ಎಂಬ ಉದ್ಗಾರದಿಂದ ನಾಯಕನಿಗಿಂತ ಹೆಚ್ಚು ಜನಪ್ರಿಯನಾದನು. ಉಪಕಥೆಗಳನ್ನು ಹೆಣೆಯುತ್ತ, ಕುತೂಹಲದ ಘಟ್ಟದಲ್ಲಿ ನಿಲ್ಲಿಸಿ ಮುಂದಿನ ವಾರಕ್ಕೆ ಕಾಯಿಸುವ ವಿಧಾನವು ದಾಸ್ತಾನ್ ಹೇಳುವವನ ವಿಧಾನಕ್ಕೆ ಹತ್ತಿರವಾದುದು. ಈ ಅರ್ಥದಲ್ಲಿ ಧಾರಾವಾಹಿಯನ್ನು ಕಾದಂಬರಿಯ ವಿಕೃತಿಯೆಂದು ತಳ್ಳಿಹಾಕುವುದಕ್ಕಿಂತ, ಹಳೆಯ ಪದರವೊಂದು ಮೇಲೆದ್ದು ಬಂದ ಭಿನ್ನಪಾಠವೆಂದು ಪರಿಗಣಿಸುವುದು ಹೆಚ್ಚು ಸೂಕ್ತ.

ಆದರೆ ಈ ಮರಳುವಿಕೆ ಪೂರ್ಣವಾದುದಲ್ಲ. ದಾಸ್ತಾನಿನಲ್ಲಿ ಮಾಯೆ ಮೂಡುತ್ತಿದ್ದುದು ಹೇಳುವವನ ನಾಲಿಗೆಯಲ್ಲಿ ಮತ್ತು ಕೇಳುವವನ ಕಲ್ಪನೆಯಲ್ಲಿ. ಕೇಳುಗರ ಮುಖಭಾವ ನೋಡಿ ಕಥೆಯನ್ನು ಹಿಗ್ಗಿಸುವ, ಕುಗ್ಗಿಸುವ ಸ್ವಾತಂತ್ರ್ಯ ಅವನಿಗಿತ್ತು. ಪರದೆಯ ಮೇಲೆ ಮಾಯೆ ಮರಳಿತಾದರೂ ಕಥನಕಾರ ಮರಳಲಿಲ್ಲ. ದೆಹಲಿಯ ಕೊನೆಯ ಪ್ರಸಿದ್ಧ ದಾಸ್ತಾನ್‌ಗಾರ ಮೀರ್ ಬಾಕರ್ ಅಲಿ ಮುಪ್ಪಿನಲ್ಲಿ ಅಡಿಕೆ ಮಾರಿ ಜೀವನ ಸಾಗಿಸಿ 1928ರಲ್ಲಿ ತೀರಿಕೊಂಡರು. ಅವರು ಹೇಳುತ್ತಿದ್ದ ಕಥೆಗಳ ಬಳಗದಿಂದ ಚಿಗುರಿದ ಕಾದಂಬರಿ ಆ ಹೊತ್ತಿಗೆ ಮನೆಮಾತಾಗಿತ್ತು.

2005ರಲ್ಲಿ ಶಂಸುರ್ರಹಮಾನ್ ಫಾರೂಕಿಯವರ ಪ್ರೇರಣೆಯಿಂದ ಮಹಮೂದ್ ಫಾರೂಕಿಯವರು ದಾಸ್ತಾನ್‌ಗೋಯಿಯನ್ನು ಮತ್ತೆ ರಂಗದ ಮೇಲೆ ತಂದರು. 2017ರಲ್ಲಿ ‘ಚಂದ್ರಕಾಂತಾ’ ಕಥೆ ಖಾಸಗಿ ವಾಹಿನಿಗಳಲ್ಲಿ ಮತ್ತೆ ಧಾರಾವಾಹಿಯಾಯಿತು. ಒಟ್ಟಿನಲ್ಲಿ, ಒಂದು ಕಥನದ ಚರಿತ್ರೆಯನ್ನು ಪಠ್ಯಗಳ ಚರಿತ್ರೆಯಾಗಿ ಮಾತ್ರ ಬರೆದರೆ ಅದನ್ನು ಹೊತ್ತು ತಂದವರು ಹೊರಗುಳಿಯುತ್ತಾರೆ. ಮಾಧ್ಯಮದಿಂದ ಮಾಧ್ಯಮಕ್ಕೆ ದಾಟುವ ಕಥೆಗಳನ್ನು ಅಭ್ಯಸಿಸುವವರು ಏನು ಬದಲಾಯಿತೆಂದು ಕೇಳುವುದರ ಜೊತೆಗೆ ಯಾರು ಕೈಬಿಟ್ಟುಹೋದರೆಂದೂ ಕೇಳುವುದು ಅಗತ್ಯ.