ಎಂಟ್ರೊಪಿ ಮಿತಿಯಲ್ಲಿ ಕ್ವಾಂಟಂ ಸ್ಥಿತಿಗಳ ವಿಕಾಸ

ಕ್ವಾಂಟಂ ವ್ಯವಸ್ಥೆಯ ಸ್ಥಿತಿ ಹೇಗೆಲ್ಲ ಬದಲಾಗಬಹುದು, ಹೇಗೆ ಬದಲಾಗಲಾರದು ಎಂಬುದಕ್ಕೆ ಎಂಟ್ರೊಪಿ ಒಂದು ಕಟ್ಟು ಹಾಕುತ್ತದೆ. ಎಂಟ್ರೊಪಿಯ ಅಳತೆ ಫಾನ್ ನಾಯ್ಮನ್‌ರದು: ಶುದ್ಧ ಸ್ಥಿತಿಗೆ ಸೊನ್ನೆ, ಪೂರ್ತಿ ಮಿಶ್ರಗೊಂಡ ಎರಡು ಮಟ್ಟಗಳ ವ್ಯವಸ್ಥೆಗೆ, ಅಂದರೆ ಒಂದು ಕ್ಯೂಬಿಟ್‌ಗೆ 1 ಬಿಟ್. ಹೊರಸಂಪರ್ಕವಿಲ್ಲದ ವ್ಯವಸ್ಥೆ ಶ್ರೋಡಿಂಗರ್ ಸಮೀಕರಣದಂತೆ ನಡೆಯುವಾಗ ಈ ಎಂಟ್ರೊಪಿ ಕೂದಲೆಳೆಯಷ್ಟೂ ಅಲುಗದು.

ಸ್ವಾರಸ್ಯವಿರುವುದು ತೆರೆದ ವ್ಯವಸ್ಥೆಯಲ್ಲಿ. ಹಂಚಿನಿಂದ ತೆಗೆದ ಜೋಳದ ರೊಟ್ಟಿ ಆರುವಾಗ ಅದರ ಎಂಟ್ರೊಪಿ ಇಳಿಯುತ್ತದೆ. ಸುತ್ತಲ ಗಾಳಿಯದು ಅದಕ್ಕಿಂತ ಹೆಚ್ಚು ಏರುತ್ತದೆ. ಕ್ಯೂಬಿಟ್ಟಿನ ಕಥೆಯೂ ಇದೇ. ಪೂರ್ತಿ ಮಿಶ್ರಸ್ಥಿತಿಯ ಎರಡು ಮಟ್ಟಗಳ ಪರಮಾಣು ಬೆಳಕು ಉಗುಳುತ್ತ ತಳಮಟ್ಟಕ್ಕೆ ಇಳಿದರೆ ಅದರ ಎಂಟ್ರೊಪಿ 1ರಿಂದ 0ಗೆ ಬರುತ್ತದೆ. ಹಾಗಾಗಿ ‘ಎಂಟ್ರೊಪಿ ಸದಾ ಏರುತ್ತದೆ’ ಎಂಬ ಪಠ್ಯಪುಸ್ತಕದ ಮಾತನ್ನು ಇಲ್ಲಿ ಕಣ್ಣುಮುಚ್ಚಿ ಒಪ್ಪುವಂತಿಲ್ಲ. ನಿಜವಾದ ಕಟ್ಟು ಬೇರೆ: ಹಿಂದಿನದನ್ನು ನೆನಪಿಡದ ವಿಕಾಸದಲ್ಲಿ, ಸ್ಥಿರಸ್ಥಿತಿಯಿಂದ ಎಷ್ಟು ಭಿನ್ನ ಎಂದು ಹೇಳುವ ಸಾಪೇಕ್ಷ ಎಂಟ್ರೊಪಿ ಎಂದೂ ಹೆಚ್ಚದು.

ಇಂಥ ವಿಕಾಸಕ್ಕೆ ಗಣಿತದ ರೂಪ ಕೊಟ್ಟವರಲ್ಲಿ ಭೌತವಿಜ್ಞಾನಿ ಇ.ಸಿ.ಜಿ. ಸುದರ್ಶನ್ ಪ್ರಮುಖರು. 1961ರಲ್ಲೇ ಮ್ಯಾಥ್ಯೂಸ್ ಮತ್ತು ಜಯಸೀತಾ ರಾವ್ ಜೊತೆ ಸ್ಥಿತಿಯಿಂದ ಸ್ಥಿತಿಗೆ ಒಯ್ಯುವ ‘ಚಲನ ನಕ್ಷೆ’ಗಳನ್ನು ವಿವರಿಸಿದರು. 1976ರಲ್ಲಿ ಗೊರಿನಿ, ಕೊಸಾಕೊವ್‌ಸ್ಕಿ ಜೊತೆ ಅವರು, ಪ್ರತ್ಯೇಕವಾಗಿ ಲಿಂಡ್‌ಬ್ಲಾಡ್, ನೆನಪಿಡದ ವಿಕಾಸದ ಸಮೀಕರಣ ಪ್ರಕಟಿಸಿದರು. ಅದೇ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೈದ್ಧಾಂತಿಕ ಅಧ್ಯಯನ ಕೇಂದ್ರವನ್ನು ಕಟ್ಟಿ ಬೆಳೆಸಿದವರೂ ಸುದರ್ಶನ್ ಅವರೇ.