ಮಾರಿ, ಮಹಾಯುದ್ಧ ಮತ್ತು ಮಲೆನಾಡಿನ ಶ್ರಾವಕ

ಚಿಕ್ಕಮಗಳೂರಿನಿಂದ ಆಲ್ದೂರಿನ ಕಡೆಗೆ ಹೊರಟ ಪ್ರಯಾಣಿಕನಿಗೆ ವಸ್ತಾರೆಯ ಆಸುಪಾಸಿನಲ್ಲಿ ಬಯಲುಸೀಮೆಯ ಗಾಳಿ ಹಿಂದುಳಿದು ಕಾಫಿ ತೋಟಗಳ ನೆರಳು ಎದುರಾಗುತ್ತದೆ. ಈ ಸೀಮೆಯ ಜೈನ ಪರಂಪರೆ ಪ್ರಾಚೀನವಾದುದು. ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮದ ಬಸದಿಗಳೂ, ಕಳಸ-ಕಾರ್ಕಳದ ಭೈರರಸರ ಚರಿತ್ರೆಯೂ ಅದಕ್ಕೆ ಸಾಕ್ಷಿಯಾಗಿವೆ. ಆದರೆ ಇಂದು ಇಲ್ಲಿಯ ತೋಟದ ಮನೆಗಳಲ್ಲಿ, ಕಾಫಿ ಒಣಗುವ ಕಣಗಳಲ್ಲಿ, ಮೊಬೈಲ್ ದೂರವಾಣಿಯ ಮೂಲಕ ಬೇರೊಂದು ಚರಿತ್ರೆ ಕಿವಿಗೆ ಬೀಳುತ್ತಿದೆ. ಇತಿಹಾಸವನ್ನು ವೃತ್ತಿಯಾಗಿ ಅಲ್ಲದೆ ಪ್ರೀತಿಯಿಂದ ಅಭ್ಯಸಿಸಿದ ಹವ್ಯಾಸಿಗಳು ಪಾಡ್‌ಕಾಸ್ಟ್ ಎಂಬ ಶ್ರವ್ಯಮಾಲಿಕೆಗಳಲ್ಲಿ ಯೂರೋಪಿನ ಮಹಾಮಾರಿಗಳನ್ನೂ ಮಹಾಯುದ್ಧಗಳನ್ನೂ ವರ್ಣಿಸುತ್ತಾರೆ. ಕೇಳುವವರು ಕೆಲಸ ಮಾಡುತ್ತಲೇ ಕೇಳುತ್ತಾರೆ.

ಕೇಳುವುದು ಜೈನರಿಗೆ ಹೊಸದಲ್ಲ. 'ಶ್ರಾವಕ' ಎಂಬ ಶಬ್ದದ ಅರ್ಥವೇ ಕೇಳುವವನು ಎಂದು. ಆದರೆ ಕೇಳಿದ್ದು ಬರಿಯ ಕುತೂಹಲವಾಗಿ ಉಳಿದರೆ ಅದು ಶ್ರವಣವೆನಿಸದು. ಯೂರೋಪಿನ ಮಾರಿಗೂ ಯುದ್ಧಕ್ಕೂ ಮಲೆನಾಡಿಗೂ ಏನು ಸಂಬಂಧ, ಆ ಕಾಲದಲ್ಲಿ ಗೃಹಸ್ಥನ ಅಣುವ್ರತಗಳು ಯಾವ ಪರೀಕ್ಷೆಗೆ ಒಳಗಾದವು ಎಂಬುದು ವಿಚಾರಾರ್ಹವಾಗಿದೆ.

14ನೆಯ ಶತಮಾನದ ಕರಾಳ ಮೃತ್ಯುವಿನಿಂದಲೇ ಆರಂಭಿಸಬಹುದು. 1347ರಲ್ಲಿ ಕಪ್ಪು ಸಮುದ್ರದ ಕಡೆಯಿಂದ ಬಂದ ವ್ಯಾಪಾರದ ಹಡಗುಗಳೊಡನೆ ಈ ಪ್ಲೇಗು ಸಿಸಿಲಿ ದ್ವೀಪವನ್ನು ಮುಟ್ಟಿತು. ಕೆಲವೇ ವರ್ಷಗಳಲ್ಲಿ ಯೂರೋಪಿನ ಜನರಲ್ಲಿ ಮೂರರಲ್ಲೊಂದು ಪಾಲಾದರೂ ಅಳಿದುಹೋದರೆಂದು ಅಂದಾಜು. ರೋಗದ ಕಾರಣವನ್ನು ಯಾರೂ ಅರಿಯದ ಆ ಕಾಲದಲ್ಲಿ, 1377ರಲ್ಲಿ, ಆಡ್ರಿಯಾಟಿಕ್ ತೀರದ ರಗೂಸಾ ಎಂಬ ವರ್ತಕರ ನಗರವು ಒಂದು ಕಟ್ಟಳೆ ಮಾಡಿತು: ರೋಗದ ಸೀಮೆಯಿಂದ ಬಂದವರು ಮೂವತ್ತು ದಿನ ಹೊರಗೇ ಇದ್ದು ಬಳಿಕ ಊರನ್ನು ಪ್ರವೇಶಿಸತಕ್ಕದ್ದು. ಮುಂದೆ ಈ ಅವಧಿ ನಲವತ್ತು ದಿನಗಳಾಯಿತು. 'ಕ್ವಾರಂಟೈನ್' ಎಂಬ ಶಬ್ದ ಇಟಲಿಯವರ ನಲವತ್ತರಿಂದ ಹುಟ್ಟಿದ್ದು. ವ್ಯಾಪಾರದಿಂದಲೇ ಬದುಕುವ ನಗರವೊಂದು ತನ್ನ ವ್ಯಾಪಾರವನ್ನೇ ತಡೆದು ನಿಲ್ಲಿಸಿತೆಂಬುದು ಇಲ್ಲಿ ಗಮನಿಸತಕ್ಕ ಅಂಶ. ಲಾಭವನ್ನು ಮಿತಿಗೊಳಿಸಿಕೊಳ್ಳದೆ ಪ್ರಾಣರಕ್ಷಣೆ ಸಾಧ್ಯವಿಲ್ಲವೆಂಬ ಪರಿಗ್ರಹ ಪರಿಮಾಣದ ತತ್ತ್ವವನ್ನು ಆ ವರ್ತಕರು ಅನುಭವದಿಂದ ಕಲಿತಿದ್ದರು.

ಅದೇ ಜಾತಿಯ ಪ್ಲೇಗು ಐದು ಶತಮಾನಗಳ ತರುವಾಯ ನಮ್ಮ ಬಾಗಿಲಿಗೂ ಬಂದಿತು. 1894ರಲ್ಲಿ ಹಾಂಗ್‌ಕಾಂಗನ್ನು ಕಾಡಿ, 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು, ಅಲ್ಲಿಂದ ಧಾರವಾಡ ಸೀಮೆಗೆ ಇಳಿದು, 1898ರಲ್ಲಿ ರೈಲುಮಾರ್ಗವಾಗಿ ಬೆಂಗಳೂರನ್ನು ತಲುಪಿತು. ಮೈಸೂರು ಸಂಸ್ಥಾನದ ಹಳ್ಳಿಗಳಲ್ಲಿ 'ಊರು ಬಿಡುವುದು' ಎಂಬ ಮಾತು ಅಂದಿನಿಂದ ಮನೆಮಾತಾಯಿತು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಹಳ್ಳಿಗರು ಊರ ಹೊರಗಿನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಕಳೆಯುತ್ತಿದ್ದರು. ಪ್ಲೇಗಮ್ಮನಿಗೆ ಗುಡಿಗಳು ಎದ್ದವು. ಇಲಿಯ ಮೈಮೇಲಿನ ಚಿಗಟವೇ ರೋಗವಾಹಕವೆಂದು ಪೋಲ್ ಲೂಯಿ ಸಿಮೋಂಡ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಅದೇ 1898ರಲ್ಲಿ. ವಿದ್ವಾಂಸರು ಅದನ್ನು ಒಪ್ಪಲು ಮತ್ತೆ ಕೆಲವು ವರ್ಷಗಳು ಹಿಡಿದವು. ಇಲಿ ಬಿದ್ದರೆ ಊರು ಬಿಡಬೇಕೆಂಬ ಅರಿವು ಅಷ್ಟರಲ್ಲಿ ಹಳ್ಳಿಗರಲ್ಲಿ ನೆಲೆಗೊಂಡಿತ್ತು.

ಇಲ್ಲಿ ಅಹಿಂಸಾಣುವ್ರತಿಗೆ ಕಠಿಣವಾದ ಪ್ರಶ್ನೆಯೊಂದು ಎದುರಾಯಿತು. ಸರ್ಕಾರ ಇಲಿಗಳನ್ನು ಕೊಲ್ಲಿಸತೊಡಗಿತು. ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡು ಪರೀಕ್ಷಿಸಿದನು. ಆದರೆ ಆ ಲಸಿಕೆಗೆ ಬೇಕಾದ ರೋಗಾಣುಗಳನ್ನು ಮಾಂಸದ ಸಾರಿನಲ್ಲಿ, ತುಪ್ಪದ ಹನಿಗಳನ್ನು ತೇಲಿಬಿಟ್ಟು ಬೆಳೆಸಲಾಗುತ್ತಿತ್ತು. ಇಲಿಯ ಪ್ರಾಣವೂ ಪ್ರಾಣವೇ, ಮಾಂಸ ವರ್ಜ್ಯ. ಹಾಗೆಂದು ಮಗುವನ್ನು ಪ್ಲೇಗಿಗೆ ಒಪ್ಪಿಸಬಹುದೆ?

ನಮ್ಮ ಆಚಾರ್ಯರು ಈ ವಿಷಯದಲ್ಲಿ ಗೃಹಸ್ಥನನ್ನು ಕೈಬಿಟ್ಟಿಲ್ಲ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಕೊಲ್ಲಬೇಕೆಂಬ ಸಂಕಲ್ಪದಿಂದಲೇ ಮಾಡುವ ಹಿಂಸೆಯನ್ನು ಗೃಹಸ್ಥನು ಸಂಪೂರ್ಣವಾಗಿ ತ್ಯಜಿಸಬೇಕೆಂದೂ, ಉಳಿದವುಗಳನ್ನು ಯತ್ನಾಚಾರದಿಂದ ಕಡಿಮೆ ಮಾಡಿಕೊಳ್ಳಬೇಕೆಂದೂ ವಿಧಿಸಲಾಗಿದೆ. ಯತ್ನಾಚಾರವೆಂದರೆ ಎಚ್ಚರ. ಪ್ಲೇಗು ಧಾನ್ಯದ ಸಾಗಾಟದೊಡನೆ ಊರಿಂದ ಊರಿಗೆ ಹೋಗುತ್ತಿತ್ತೆಂಬುದು ಆಮೇಲಿನ ಸಂಶೋಧನೆಗಳಿಂದ ತಿಳಿಯಿತು. ಎಂದ ಮೇಲೆ ಇಲಿ ವಾಸಿಸುತ್ತಿದ್ದುದು ವರ್ತಕನ ಉಗ್ರಾಣದಲ್ಲಿ, ಚೆಲ್ಲಿದ ಕಾಳಿನ ನಡುವೆ, ಗುಡಿಸದ ಮೂಲೆಯಲ್ಲಿ. ಉಗ್ರಾಣವನ್ನು ಕಲ್ಲು ಹಾಸಿ ಭದ್ರಪಡಿಸಿ, ಕಾಳು ಚೆಲ್ಲದಂತೆ ಕಾಪಾಡಿದವನಿಗೆ ಇಲಿಯನ್ನು ಕೊಲ್ಲುವ ಪ್ರಸಂಗವೇ ವಿರಳ. ವರ್ಷವೆಲ್ಲ ಪ್ರಮಾದದಲ್ಲಿದ್ದು, ಮಾರಿ ಬಂದ ದಿನ ಮಾತ್ರ ಅಹಿಂಸೆಯನ್ನು ನೆನೆಯುವವನ ಧರ್ಮ ಸಂಶಯಾಸ್ಪದವಾದುದು. ಪ್ರಮಾದವೇ ಹಿಂಸೆಯ ಮೂಲವೆಂದು ತತ್ತ್ವಾರ್ಥಸೂತ್ರದ ಅಭಿಪ್ರಾಯವಲ್ಲವೆ?

1914ರಲ್ಲಿ ಯೂರೋಪಿನಲ್ಲಿ ಮಹಾಯುದ್ಧ ಸಿಡಿಯಿತು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧದ ವೆಚ್ಚಕ್ಕಾಗಿ 50 ಲಕ್ಷ ರೂಪಾಯಿಗಳನ್ನು ನೀಡಿದರು. ಮೈಸೂರು ಲ್ಯಾನ್ಸರ್ಸ್ ಎಂಬ ಅಶ್ವದಳ ಸಮುದ್ರ ದಾಟಿ ಸೂಯೆಜ್ ಕಾಲುವೆಯ ರಕ್ಷಣೆಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವದಳದೊಡನೆ ಸೇರಿ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದುಕೊಂಡಿತು. ಫಿರಂಗಿ ಮತ್ತು ಮೆಷಿನ್‌ಗನ್ನುಗಳ ಎದುರು ಭರ್ಜಿ ಹಿಡಿದ ಸವಾರರು ನುಗ್ಗಿದ ಆ ಘಟನೆಯ ಸ್ಮಾರಕಗಳು ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲೂ ದೆಹಲಿಯ ತೀನ್‌ಮೂರ್ತಿ ವೃತ್ತದಲ್ಲೂ ಇವೆ.

ಹೈಫಾದ ವಿಜಯದ ದಿನಗಳಲ್ಲೇ ಆ ಸವಾರರ ಸ್ವದೇಶದಲ್ಲಿ ಮತ್ತೊಂದು ಶತ್ರು ಮನೆಮನೆಗೆ ನುಗ್ಗುತ್ತಿದ್ದಿತು. ಸೈನಿಕರ ಹಡಗುಗಳು ಬಂದುಹೋಗುತ್ತಿದ್ದ ಮುಂಬಯಿ ಬಂದರಿನಲ್ಲಿ 1918ರ ಜೂನ್ ತಿಂಗಳಲ್ಲಿ ಇನ್‌ಫ್ಲುಯೆಂಜಾ ಕಾಣಿಸಿಕೊಂಡಿತು. ಮೊದಲ ಅಲೆ ಸೌಮ್ಯವಾಗಿತ್ತು. ಸೆಪ್ಟೆಂಬರ್-ಅಕ್ಟೋಬರ್ ತಿಂಗಳ ಎರಡನೆಯ ಅಲೆ ಪ್ರಳಯರೂಪಿಯಾಯಿತು. ಪ್ಲೇಗಿನಂತೆ ಇದಕ್ಕೆ ಊರು ಬಿಟ್ಟರೂ ಪ್ರಯೋಜನವಿರಲಿಲ್ಲ. ವೃದ್ಧರಿಗಿಂತ ದುಡಿಯುವ ವಯಸ್ಸಿನವರೇ ಹೆಚ್ಚಾಗಿ ಬಲಿಯಾದರು. ಆ ವರ್ಷ ಮುಂಗಾರೂ ಕೈಕೊಟ್ಟು ಧಾನ್ಯದ ಬೆಲೆ ಏರಿತ್ತು. ಹಸಿದ ದೇಹ ಜ್ವರವನ್ನು ತಡೆಯಲಾರದಾಯಿತು. ಭಾರತದಲ್ಲಿ ಸತ್ತವರು 1 ಕೋಟಿ 20 ಲಕ್ಷದಿಂದ 2 ಕೋಟಿಯವರೆಗೆ ಇರಬಹುದೆಂದು ವಿದ್ವಾಂಸರ ಅಂದಾಜುಗಳಿವೆ. ನಾಲ್ಕು ವರ್ಷಗಳ ಯುದ್ಧದಲ್ಲಿ ಎಲ್ಲ ದೇಶಗಳಿಂದ ಮಡಿದ ಸೈನಿಕರ ಸಂಖ್ಯೆ ಸುಮಾರು 1 ಕೋಟಿ. 1911ರಿಂದ 1921ರವರೆಗಿನ ದಶಕದಲ್ಲಿ ಭಾರತದ ಜನಸಂಖ್ಯೆ ಬೆಳೆಯುವುದರ ಬದಲು ಸ್ವಲ್ಪ ಇಳಿಯಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 58 ಲಕ್ಷದಿಂದ 60 ಲಕ್ಷವನ್ನೂ ಮುಟ್ಟಲಿಲ್ಲ. ಇಂದಿನ ಚಿಕ್ಕಮಗಳೂರು ಜಿಲ್ಲೆ ಅಂದು ಕಡೂರು ಜಿಲ್ಲೆಯೆನಿಸಿತ್ತು. ಮಲೇರಿಯಾದಿಂದ ಮೊದಲೇ ಬಳಲಿದ್ದ ಈ ಮಲೆನಾಡಿನಲ್ಲಿ ಜನರೇ ಕಡಿಮೆಯಾಗುತ್ತಿದ್ದರು.

ಈ ಜ್ವರಕ್ಕೆ 'ಸ್ಪ್ಯಾನಿಷ್ ಫ್ಲೂ' ಎಂಬ ಹೆಸರು ಬಂದುದು ಸತ್ಯಾಣುವ್ರತದ ಪಾಠವಾಗಿದೆ. ಯುದ್ಧನಿರತ ರಾಷ್ಟ್ರಗಳು ಜನರ ಧೈರ್ಯ ಕುಗ್ಗೀತೆಂದು ರೋಗದ ಸುದ್ದಿಯನ್ನು ಪತ್ರಿಕೆಗಳಲ್ಲಿ ತಡೆಹಿಡಿದವು. ಯುದ್ಧದಲ್ಲಿ ತಟಸ್ಥವಾಗಿದ್ದ ಸ್ಪೇನ್ ದೇಶದ ಪತ್ರಿಕೆಗಳು ಇದ್ದುದನ್ನು ಇದ್ದಂತೆ ಬರೆದವು. ಫಲವೇನೆಂದರೆ, ನಿಜ ಹೇಳಿದವನ ಹೆಸರೇ ರೋಗಕ್ಕೆ ಅಂಟಿತು, ಮುಚ್ಚಿಟ್ಟವರು ಪಾರಾದರು. ಆದರೂ ಮುಚ್ಚಿಟ್ಟದ್ದರಿಂದ ಯಾರ ಪ್ರಾಣವೂ ಉಳಿಯಲಿಲ್ಲ. ನಷ್ಟವನ್ನು ಖಾತೆಯಲ್ಲಿ ಬರೆಯದೆ ಬಿಟ್ಟ ವರ್ತಕನಿಗೆ ನಷ್ಟ ತಪ್ಪುವುದಿಲ್ಲ. ಅದನ್ನು ತಿದ್ದಿಕೊಳ್ಳುವ ಅವಕಾಶ ಮಾತ್ರ ತಪ್ಪುತ್ತದೆ.

ಕತ್ತಲೆಯ ಆ ದಿನಗಳಲ್ಲಿ ಬೆಳಕೂ ಇತ್ತು. ಬೆಂಗಳೂರಿನಲ್ಲಿ ಸ್ವಯಂಸೇವಕರು ಬೀದಿಬೀದಿಗೆ ಹೋಗಿ ರೋಗಿಗಳಿಗೆ ಗಂಜಿಯನ್ನೂ ಔಷಧವನ್ನೂ ಹಂಚಿದರು. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ಪ್ರತಿಯೊಬ್ಬ ಶ್ರಾವಕನೂ ಬಲ್ಲನು. ಮಾರಿಯ ಕಾಲದಲ್ಲಿ ಈ ನಾಲ್ಕೂ ಏಕಕಾಲಕ್ಕೆ ಬೇಕಾಗುತ್ತವೆ. ಹಸಿದವನಿಗೆ ಔಷಧ ನಾಟದು. ಹೆದರಿದವನು ಔಷಧ ಕುಡಿಯನು. ತಿಳಿವಳಿಕೆಯಿಲ್ಲದವನ ಹೆದರಿಕೆ ಹೋಗದು. 1897ರಲ್ಲಿ ಪುಣೆಯಲ್ಲಿ ಪ್ಲೇಗಿನ ಹೆಸರಿನಲ್ಲಿ ಸಿಪಾಯಿಗಳು ಮನೆಗಳಿಗೆ ನುಗ್ಗಿ ಶೋಧಿಸಿದುದರ ಪರಿಣಾಮವಾಗಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಕೊಲೆಯಾಯಿತು. ಔಷಧದಾನಕ್ಕೆ ಹೊರಟವರು ಅಭಯದಾನವನ್ನು ಮರೆತರೆ ಹಿಂಸೆಯಿಂದ ಹಿಂಸೆ ಹುಟ್ಟುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನು ವರ್ತಕನಿಗೆ ನೇರವಾಗಿ ಸಂಬಂಧಿಸಿದ ಅಚೌರ್ಯಾಣುವ್ರತದ ವಿಚಾರ. ಈ ವ್ರತದ ಐದು ಅತಿಚಾರಗಳಲ್ಲಿ 'ವಿರುದ್ಧರಾಜ್ಯಾತಿಕ್ರಮ' ಎಂಬುದೂ ಒಂದು. ರಾಜ್ಯ ಅಸ್ತವ್ಯಸ್ತವಾಗಿರುವಾಗ ಹೆಚ್ಚು ಬೆಲೆಯ ವಸ್ತುಗಳನ್ನು ಅಲ್ಪ ಬೆಲೆಗೆ ದೊರಕಿಸಿಕೊಳ್ಳಲು ಪ್ರಯತ್ನಿಸುವುದು ಇದರಲ್ಲಿ ಸೇರುತ್ತದೆಂದು ಕರ್ನಾಟಕದವರೇ ಆದ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಯುದ್ಧ ಮತ್ತು ಮಾರಿಯ ಕಾಲದಲ್ಲಿ ಕಂಗಾಲಾದವನ ಆಸ್ತಿಯನ್ನೋ ಫಸಲನ್ನೋ ಮೂರು ಕಾಸಿಗೆ ಕೊಳ್ಳುವವನು ಕಾನೂನಿನ ಕೈಗೆ ಸಿಕ್ಕದಿರಬಹುದು. ವ್ರತದ ದೃಷ್ಟಿಯಿಂದ ಅವನು ಕಳ್ಳತನದ ಹೊಸ್ತಿಲಲ್ಲಿದ್ದಾನೆ.

ಕಾಫಿಯ ಚರಿತ್ರೆಯಲ್ಲಿಯೇ ಇದರ ಮತ್ತೊಂದು ಮುಖ ಕಾಣುತ್ತದೆ. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಕಾಫಿಗೆ ಯೂರೋಪಿನ ಮಾರುಕಟ್ಟೆ ಕೈತಪ್ಪಿತು. ಬೆಳೆದ ಕಾಫಿಯನ್ನು ಕೇಳುವವರಿಲ್ಲದೆ ಪ್ರತಿಯೊಬ್ಬ ಬೆಳೆಗಾರನೂ ಸಿಕ್ಕಿದ ಬೆಲೆಗೆ ಮಾರಹೊರಟಿದ್ದರೆ ಸಣ್ಣ ತೋಟದವರು ಮೊದಲು ಮುಳುಗುತ್ತಿದ್ದರು. 1940ರ ಸುಗ್ರೀವಾಜ್ಞೆ ಮತ್ತು 1942ರ ಕಾಫಿ ಕಾಯಿದೆಯ ಮೂಲಕ ಎಲ್ಲರ ಕಾಫಿಯನ್ನೂ ಒಂದೇ 'ಪೂಲ್'ಗೆ ಸೇರಿಸಿ, ಕಾಫಿ ಮಂಡಳಿಯೇ ಮಾರಿ, ಬಂದ ಹಣವನ್ನು ಕಾಫಿಯ ಪ್ರಮಾಣ ಮತ್ತು ಗುಣಮಟ್ಟಕ್ಕೆ ಅನುಸಾರವಾಗಿ ಹಂಚುವ ವ್ಯವಸ್ಥೆ ಬಂದಿತು. ದೇಶದೊಳಗೇ ಕಾಫಿ ಕುಡಿಯುವವರನ್ನು ಹೆಚ್ಚಿಸಲು ಕಾಫಿ ಹೌಸುಗಳು ನೆರವಾದವು. ಹಣ ಬರುವುದು ತಡವಾಗುತ್ತದೆಂದು ಮುಂದೆ ಬೆಳೆಗಾರರೇ ಈ ವ್ಯವಸ್ಥೆಯನ್ನು ಆಕ್ಷೇಪಿಸಿದರು. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು ಅದು ಕೊನೆಗೊಂಡಿತು. ಅದರ ಗುಣದೋಷಗಳು ಏನೇ ಇರಲಿ, ಕಷ್ಟಕಾಲದಲ್ಲಿ ನಷ್ಟವನ್ನು ದುರ್ಬಲನ ತಲೆಗೆ ಕಟ್ಟದೆ ಎಲ್ಲರೂ ಹಂಚಿಕೊಳ್ಳಬಹುದೆಂದು ಮಲೆನಾಡು ಒಮ್ಮೆ ತೋರಿಸಿಕೊಟ್ಟಿದೆ.

ಯುದ್ಧದ ಬಗ್ಗೆ ಜೈನರ ನಿಲುವನ್ನು ಹೇಡಿತನವೆಂದು ಕೆಲವರು ಭಾವಿಸುವುದುಂಟು. ಅಂಗಡಿಯ ಐತಿಹ್ಯದಲ್ಲಿ ಮೇಲೆರಗಿದ ಹುಲಿಯನ್ನು ಹೊಡೆಯೆಂದು ಸಳನಿಗೆ ಹೇಳಿದವರು ಜೈನಮುನಿ ಸುದತ್ತರು. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾಪತಿ. ಆತ್ಮರಕ್ಷಣೆಯ ವಿರೋಧೀ ಹಿಂಸೆ ಗೃಹಸ್ಥನಿಗೆ ಅನಿವಾರ್ಯವಾಗಬಹುದೆಂಬುದನ್ನು ಪರಂಪರೆ ಒಪ್ಪಿದೆ. ಆದರೆ ಭರತ-ಬಾಹುಬಲಿಯರ ನಡುವೆ ಯುದ್ಧ ಸನ್ನಿಹಿತವಾದಾಗ ಮಂತ್ರಿಗಳು ಏನು ಮಾಡಿದರು? ಇಬ್ಬರ ಸ್ಪರ್ಧೆಗಾಗಿ ಸೈನ್ಯಗಳು ಸಾಯಬೇಕಾಗಿಲ್ಲವೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಪಡಿಸಿದರು. 1914ರಲ್ಲಿ ಯೂರೋಪಿನ ಅರಮನೆಗಳಲ್ಲಿ ಅಂಥ ಮಂತ್ರಿಗಳ ಮಾತು ನಡೆಯಲಿಲ್ಲ. ಬ್ರಿಟನ್, ಜರ್ಮನಿ, ರಷ್ಯಾಗಳ ದೊರೆಗಳು ತಮ್ಮೊಳಗೆ ಬಂಧುಗಳೇ ಆಗಿದ್ದರು. ಬಂಧುಗಳ ಕಲಹಕ್ಕೆ ಕೋಟಿ ಮಂದಿ ತೆತ್ತರು. 1432ರಲ್ಲಿ ಭೈರರಸ ವೀರಪಾಂಡ್ಯನು ಕಾರ್ಕಳದಲ್ಲಿ ನಿಲ್ಲಿಸಿದ ಬಾಹುಬಲಿಯ ಮುಂದೆ ನಿಂತವನಿಗೆ ಗೆದ್ದೂ ಬಿಟ್ಟವನ ಆ ಮೌನ ಅರ್ಥವಾಗಬೇಕು.

ಇವೆಲ್ಲ ಕಳೆದುಹೋದ ಕಥೆಗಳಲ್ಲ. 2020ರ ಮಾರ್ಚಿಯಲ್ಲಿ ಕೊರೋನಾದ ಕಾರಣ ದೇಶ ಸ್ತಬ್ಧವಾದಾಗ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ ಮತ್ತೆ ಕೈಗೆತ್ತಿಕೊಳ್ಳಲಾಯಿತು. 2022ರ ಫೆಬ್ರವರಿಯಲ್ಲಿ ಉಕ್ರೇನಿನ ಯುದ್ಧ ಆರಂಭವಾದಾಗ ಪೊಟ್ಯಾಷ್ ಗೊಬ್ಬರದ ಬೆಲೆಯೇರಿಕೆ ತೋಟದ ಬಾಗಿಲಿಗೂ ಬಂದಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಯ ತೋಟದ ಕೂಲಿಕಾರರನ್ನು ಈಚಿನ ವರ್ಷಗಳಲ್ಲೂ ಬಾಧಿಸಿದೆ. ಕಾಡಿನಲ್ಲಿ ಮಂಗ ಸತ್ತ ಸುದ್ದಿಯನ್ನು ಕೂಡಲೇ ತಿಳಿಸುವುದು, ಕೂಲಿಯವರಿಗೆ ಉಣುಗು ಕಚ್ಚದಂತೆ ಹಚ್ಚುವ ಎಣ್ಣೆಯನ್ನೂ ಜ್ವರ ಬಂದಾಗ ಕೂಲಿಸಹಿತ ರಜೆಯನ್ನೂ ಕೊಡುವುದು ತೋಟದ ಯಜಮಾನನ ಪಾಲಿಗೆ ಚತುರ್ವಿಧ ದಾನದ ಇಂದಿನ ರೂಪವಾಗಿದೆ. ಅಂದು ಇಲಿ ಬಿದ್ದ ಸುದ್ದಿಯಂತೆಯೇ ಇಂದು ಮಂಗ ಬಿದ್ದ ಸುದ್ದಿ. ಮುಚ್ಚಿಟ್ಟರೆ ಕೂಲಿಯವನು ಸಾಯುತ್ತಾನೆ.

'ಶ್ರಾವಕ' ಶಬ್ದದ ಮೂರು ಅಕ್ಷರಗಳಲ್ಲಿ ಶ್ರದ್ಧೆ, ವಿವೇಕ, ಕ್ರಿಯೆ ಎಂಬ ಮೂರು ಅರ್ಥಗಳನ್ನು ಹಿರಿಯರು ಕಂಡಿದ್ದಾರೆ. ಯಂತ್ರದ ಮೂಲಕವಾಗಲಿ ಗುರುವಿನ ಬಾಯಿಂದಾಗಲಿ, ಕೇಳಿದ ಚರಿತ್ರೆ ಶ್ರದ್ಧೆಯಿಂದ ಒಳಗಿಳಿದು, ವಿವೇಕದಿಂದ ಶೋಧಿಸಲ್ಪಟ್ಟು, ಕ್ರಿಯೆಯಾಗಿ ಹೊರಬಂದಾಗಲೇ ಕೇಳಿದವನು ಶ್ರಾವಕನೆನಿಸುತ್ತಾನೆ.