ಮಲೆನಾಡಿನ ಹೊಸ ಮನೆ: ಕೊನೆಯ ಹಂತಕ್ಕೆ ಮುಂಗಾರಿನ ಗಡುವು

ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಗುಡ್ಡಗಳಲ್ಲಿ ಮನೆ ಕಟ್ಟಿಸುವವರಿಗೆ ಗಡುವು ವಿಧಿಸುವುದು ಜೂನ್ ತಿಂಗಳ ಮುಂಗಾರು. ಘಟ್ಟದ ಅಂಚಿಗೆ ಸರಿದಷ್ಟೂ ಮಳೆ ಬಿರುಸು. ಆಲೂರಿನ ಕಡೆ ತುಸು ಕಡಿಮೆ. ಮೊದಲು ಹೆಂಚು, ಬಳಿಕ ಗಾರೆ. 1865ರಲ್ಲಿ ಬಾಸೆಲ್ ಮಿಷನ್ ಆರಂಭಿಸಿದ ಕಾರ್ಖಾನೆಯಿಂದ ಹೆಸರಾದ ಮಂಗಳೂರು ಹೆಂಚು ಈಗ ಕಾಂಕ್ರೀಟಿನ ಇಳಿಜಾರು ಛಾವಣಿಯ ಮೇಲೂ ಕೂರುತ್ತದೆ. ಗಾರೆಗೆ ವಾರವಾದರೂ ನೀರು ಹಾಯಿಸಿ, ಅನಂತರ ಸುಮಾರು 4 ವಾರ ಒಣಗಲು ಬಿಡಬೇಕು. ಹಸಿ ಗೋಡೆಗೆ ಬಳಿದ ಬಣ್ಣ ಮೊದಲ ಮಳೆಗಾಲದಲ್ಲೇ ಗುಳ್ಳೆಯೆದ್ದು ಕಳಚುತ್ತದೆ; ಬೂಷ್ಟು ಬೇರೆ. ಆದ್ದರಿಂದ ಗಾರೆ ಕೆಲಸ ಮಾರ್ಚ್ ಒಳಗೆ ಮುಗಿಯುವುದು ಲೇಸು. ತಡವಾಯಿತೆಂದು ಅವಸರಿಸಿ ಫಲವಿಲ್ಲ, ಆಷಾಢದಲ್ಲಿ ಗೃಹಪ್ರವೇಶವೂ ನಡೆಯದು. ಶ್ರಾವಣದಲ್ಲಿ ಒಕ್ಕಲಾಗಿ, ಹೊರಗೋಡೆಯ ಬಣ್ಣವನ್ನು ದೀಪಾವಳಿಯ ನಂತರ ಬಳಿಸುವುದೇ ಕ್ಷೇಮ.